ಹೆಸರು ಡಬ್ಬಿ ಮೇಲೆ ಬರೀರಿ, ಮುಚ್ಚಳದ ಮೇಲಲ್ಲ

ನಮ್ಮ ಲ್ಯಾಬಿಗೆ ಲೇಬಲ್ ಇಲ್ದೆ ಬಂದ ಬಯಾಪ್ಸಿ (ಪರೀಕ್ಷೆಗೆ ಅಂತ ದೇಹದಿಂದ ತೆಗೆದ ಚೂರು) ಡಬ್ಬಿನ ತಗೊಳಲ್ಲ ಅಂದ್ರೆ ಆಪರೇಷನ್ ಥಿಯೇಟರಿಂದ ಫೋನ್ ಬರುತ್ತೆ, "ಇವತ್ತು ಇದೊಂದೇ ಕೇಸ್ ರೀ, ನೀವೇ ಹೆಸರು ಬರ್ಕೊಳ್ಳಿ" ಅಂತ. ನಾನಂತೂ ಬರ್ಕೊಳಲ್ಲ. ಹಾಗಂತ ಬಿಸಾಕೋದೂ ಇಲ್ಲ, ಯಾಕಂದ್ರೆ ರಕ್ತ ಆದ್ರೆ ಇನ್ನೊಂದ್ಸಲ ತೆಗೀಬಹುದು, ಕತ್ತರಿಸಿ ತೆಗೆದ ಗಡ್ಡೆ ಮತ್ತೆ ಎಲ್ಲಿಂದ ಬರ್ಬೇಕು? ತೆಗೆದವರೇ ಬಂದು ಇದು ಇಂಥವರದ್ದೇ ಅಂತ ಸೈನ್ ಹಾಕ್ಲಿ, ಆ ವಿಷ್ಯ ರಿಪೋರ್ಟಲ್ಲೂ ಇರ್ಲಿ. ಇದಕ್ಕೆ ಲ್ಯಾಬಿನೋರಿಗೆ ಕೊಬ್ಬು ಅಂತಾರೆ, ಅನ್ಲಿ ಬಿಡಿ.

ಇನ್ನು ಕೆಲವರು ಚೆಂದವಾಗಿ ಬರೀತಾರೆ, ಆದ್ರೆ ಮುಚ್ಚಳದ ಮೇಲೆ! ಗ್ರಾಸಿಂಗ್ ಟೇಬಲ್ (ಬಂದ ಚೂರನ್ನ ನೋಡಿ ಕತ್ತರಿಸೋ ಮೇಜು) ಮೇಲೆ ಮುಚ್ಚಳ ತೆಗೆದಿಟ್ಟ ಕ್ಷಣಕ್ಕೆ ಡಬ್ಬಿ ಅನಾಥ, ಪಕ್ಕದಲ್ಲಿ ಇನ್ನೊಂದು ತೆರೆದ ಡಬ್ಬಿ ಇದ್ರೆ ಮುಗೀತು ಕತೆ. ಹೆಸರೊಂದೇ ಸಾಲಲ್ಲ, ಆಸ್ಪತ್ರೆ ನಂಬರೂ ಬೇಕು, ಒಂದೇ ಹೆಸರಿನವರು ಇಬ್ಬರು ಒಂದೇ ದಿನ ಬರೋದು ಅಪರೂಪ ಅಲ್ವೇ ಅಲ್ಲ. ಎಡ ಸ್ತನಾನಾ ಬಲ ಸ್ತನಾನಾ ಅನ್ನೋದು ಡಬ್ಬಿಲೂ ಫಾರಂಲೂ ಒಂದೇ ಇರ್ಬೇಕು, ಇಲ್ದಿದ್ರೆ ಕೇಳ್ದೆ ಮುಂದಕ್ಕೆ ಹೋಗ್ಬಾರ್ದು.

ಬರೀ ಕಳಿಸೋರದ್ದೇ ತಪ್ಪು ಅಂತಲ್ಲ, ನಮ್ಮ ಕಡೆನೂ ಜಾರೋ ಜಾಗ ಬೇಕಾದಷ್ಟಿವೆ. ಕ್ಯಾಸೆಟ್ (ಕತ್ತರಿಸಿದ ಚೂರು ಇಡೋ ಪುಟ್ಟ ಪ್ಲಾಸ್ಟಿಕ್ ಡಬ್ಬಿ) ಮೇಲೆ ಮಾಮೂಲಿ ಪೆನ್ನಲ್ಲಿ ಬರೆದ್ರೆ ಆಲ್ಕೋಹಾಲ್, ಕ್ಸೈಲೀನ್ ಅನ್ನೋ ದ್ರಾವಕಗಳನ್ನ ದಾಟೋ ಹೊತ್ತಿಗೆ ನಂಬರ್ ಅಳಿಸ್ಹೋಗುತ್ತೆ, ಅದಕ್ಕೇ ಪೆನ್ಸಿಲ್. ಒಂದು ಕೇಸ್ ಮುಗಿಸಿ ಬೋರ್ಡು, ಫೋರ್ಸೆಪ್ಸ್ ಒರೆಸ್ದೆ ಇನ್ನೊಂದಕ್ಕೆ ಕೈ ಹಾಕಿದ್ರೆ ಹಿಂದಿನವರ ಚೂರು ಮುಂದಿನವರ ಸ್ಲೈಡಿಗೆ ಬಂದು ಕೂರುತ್ತೆ, ವಾಟರ್ ಬಾತಲ್ಲಿ (ಬಿಸಿನೀರಿನ ತೊಟ್ಟಿ) ತೇಲ್ತಿರೋ ಸೆಕ್ಷನ್ (ತೆಳ್ಳಗೆ ಕೊಯ್ದ ಪದರ) ತುಣುಕೂ ಅಷ್ಟೇ. ಕೊಲೊನ್ (ದೊಡ್ಡ ಕರುಳು) ಸ್ಲೈಡಲ್ಲಿ ಥೈರಾಯ್ಡ್ ಚೂರು ಕಂಡ್ರೆ ಯಾರಾದ್ರೂ ಹಿಡೀತಾರೆ, ಪ್ರಾಸ್ಟೇಟ್ ಬಯಾಪ್ಸಿಲಿ ಇನ್ನೊಬ್ಬರ ಪ್ರಾಸ್ಟೇಟ್ ಚೂರು ಸೇರ್ಕೊಂಡ್ರೆ ಕಣ್ಣಿಗೆ ಗೊತ್ತೇ ಆಗಲ್ಲ, ಬೇಕಂದ್ರೆ ಡಿಎನ್ಎ ಟೆಸ್ಟೇ ಮಾಡ್ಬೇಕು. ಒಂದೇ ಥರದ ಬಯಾಪ್ಸಿಗಳನ್ನ ಸಾಲಾಗಿ ತಗೋಬೇಡಿ, ನಡುವೆ ಬೇರೆ ಥರದ್ದೊಂದು ಇಟ್ಕೊಳ್ಳಿ ಅಂತ ನಾನು ಬಡ್ಕೊಳೋದು ಅದಕ್ಕೇ.

ಚೂರು ಕೆಡದ ಹಾಗೆ ಕಾಪಾಡೋ ಫಾರ್ಮಲಿನ್ ವಿಷ್ಯನೂ ಹೇಳ್ಬಿಡ್ತೀನಿ. 10% ಬಫರ್ಡ್ ಫಾರ್ಮಲಿನ್, ಟಿಶ್ಯೂಗಿಂತ ಕನಿಷ್ಠ 10 ಪಟ್ಟು. ಸಣ್ಣ ಬಾಯಿನ ಬಾಟಲಿಗೆ ಗಡ್ಡೆ ತುರುಕಬೇಡಿ ಮಾರಾಯ್ರೇ, ಮೆತ್ತಗೆ ಒಳಗೆ ಹೋಗಿದ್ದು ಗಟ್ಟಿಯಾದ್ಮೇಲೆ ಹೊರಗೆ ಬರಲ್ಲ. ಟಿಬಿ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಹೋಗ್ಬೇಕಾದ ಚೂರನ್ನ ಮಾತ್ರ ಫಾರ್ಮಲಿನ್‌ಗೆ ಹಾಕ್ಲೇಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಸತ್ತೋಗುತ್ತೆ. ಬೇರೆ ಸ್ಟೆರೈಲ್ ಡಬ್ಬಿಲಿ ಸಲೈನ್ ಹಾಕಿ ಕಳಿಸಿ, ಅದರ ಮೇಲೂ ಹೆಸರು, ನಂಬರ್ ಎರಡೂ ಬರೀರಿ.