ಚಾವಡಿಯಲ್ಲೇ ಸೆರೆಮನೆ

ಮೊನ್ನೆಯ ಸುದ್ದಿಯನ್ನು ನೀವೂ ಓದಿರುತ್ತೀರಿ: ಮಂಗಳೂರಿನ ಮತ್ತೊಬ್ಬ ಹಿರಿಯ ನಾಗರಿಕರು ‘ಡಿಜಿಟಲ್ ಅರೆಸ್ಟ್’ ಆಗಿ, ಅಂದರೆ ವಿಡಿಯೋ ಕರೆಯಲ್ಲಿ ಪೊಲೀಸರ ವೇಷ ತೊಟ್ಟ ವಂಚಕರ ಬೆದರಿಕೆಗೆ ಮನೆಯಲ್ಲೇ ಬಂದಿಯಾಗಿ, ಜೀವಮಾನದ ಉಳಿತಾಯವನ್ನು ತಾವೇ ಕೈಯಾರೆ ಕಳುಹಿಸಿಕೊಟ್ಟಿದ್ದಾರೆ. ‘ಮತ್ತೊಬ್ಬ’ ಎಂಬ ಪದಕ್ಕೆ ಪತ್ರಿಕಾ ಕಚೇರಿಗಳಲ್ಲಿ ಈಗ ಕಾಯಂ ನೌಕರಿ ಸಿಕ್ಕಂತಿದೆ.

ಇಂಥದೊಂದು ಬಂಧನವನ್ನು ಕಣ್ಣಾರೆ ಕಾಣುವ ಭಾಗ್ಯ ಕಳೆದ ಮಳೆಗಾಲದಲ್ಲಿ ನನಗೂ ಒದಗಿತ್ತು. ಮಂಗಳೂರಿನ ಬಿಜೈಯಲ್ಲಿ ನಮ್ಮ ನೆರೆಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ನೀರಿನ ಚೊಂಬಿಗೆ ಮೊಬೈಲನ್ನು ಒರಗಿಸಿ, ಅದರೆದುರು ಕೈಕಟ್ಟಿ ಕುಳಿತಿದ್ದರು. ಪರದೆಯೊಳಗೆ ಖಾಕಿ ತೊಟ್ಟ ಯುವಕ, ಅವನ ಹಿಂದೆ ಗಾಂಧೀಜಿಯ ಪಟ. ಮೂವತ್ತು ವರ್ಷ ಜಾಮೀನುದಾರರ ಸಹಿಯನ್ನು ಬೆಳಕಿಗೆ ಹಿಡಿದು ನೋಡಿ ಅನುಮಾನಿಸಿದ್ದ ಮನುಷ್ಯ, ವಾಟ್ಸಾಪಿನಲ್ಲಿ ಬಂದ ಗುರುತಿನ ಚೀಟಿಯ ಚಿತ್ರವನ್ನು ಕಂಡು ಎದ್ದು ನಿಂತು ನಮಸ್ಕರಿಸಿದ್ದರಂತೆ. “ಸರ್, ಬಿಪಿ ಮಾತ್ರೆ ನುಂಗಲೇ?” ಎಂದು ಅವರು ಅಪ್ಪಣೆ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅಪ್ಪಣೆ ಸಿಕ್ಕಿತು. ಕಳ್ಳರಲ್ಲೂ ದಯೆ ಉಂಟು ಮಾರಾಯ್ರೇ. ನನ್ನ ತಲೆ ಕಂಡೊಡನೆ ಯುವಕ ಮಾಯವಾದ. ಹಣ ಅದಕ್ಕೂ ಮೊದಲೇ ನಾಲ್ಕು ಖಾತೆಗಳನ್ನು ದಾಟಿತ್ತು.

ಮನೆಬಾಗಿಲಿಗೆ ಬಂದು ಹಣ ಒಯ್ಯುವ ವಿದ್ಯೆ ನಮ್ಮ ಅವಿಭಜಿತ ಜಿಲ್ಲೆಗೆ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸಬಲ್ಲವರನ್ನೂ ಬ್ಯಾಂಕಿನ ಗಿರಾಕಿಗಳನ್ನಾಗಿ ಮಾಡಿತು. ಅದರ ಜೊತೆಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳನ್ನೂ ಹೆತ್ತ ಈ ಮಣ್ಣಿನಲ್ಲಿ, ಉದುರಿದ ತೆಂಗಿನ ಮಡಲನ್ನೂ ಲೆಕ್ಕವಿಟ್ಟು ಬದುಕಿದವರಿದ್ದಾರೆ. ಕೊಡೆ ಹಿಡಿದು, ಒದ್ದೆಯಾದ ರಶೀದಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಬರುತ್ತಿದ್ದ ಪಿಗ್ಮಿ ಕಲೆಕ್ಟರ್ ಆ ದಿನದ್ದನ್ನಷ್ಟೇ ಒಯ್ಯುತ್ತಿದ್ದ. ಹೊಸ ಕಲೆಕ್ಟರ್ ಕಾಲಿಗೆ ಕೆಸರು ಮೆತ್ತಿಸಿಕೊಳ್ಳದೆ ಮೂವತ್ತು ವರ್ಷದ್ದನ್ನು ಒಂದೇ ಮಧ್ಯಾಹ್ನ ಒಯ್ಯುತ್ತಾನೆ. ಆ ಹಣ ಇಳಿಯಲು ಬೇಕಾದ ಖಾತೆಗಳನ್ನು ಟೆಲಿಗ್ರಾಮಿನಲ್ಲಿ ಬಾಡಿಗೆಗೆ ಕೊಡುವ ಹುಡುಗರೂ ಇದ್ದಾರೆ. ಸ್ವಂತ ಉದ್ಯೋಗ ಎಂದರೆ ಇದಪ್ಪಾ!

ಸರಕಾರ ಕೈಕಟ್ಟಿ ಕುಳಿತಿದೆ ಎಂದು ಯಾರೂ ಹೇಳಬಾರದು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿಯವರೇ 2024ರ ಅಕ್ಟೋಬರ್‌ನಲ್ಲಿ ‘ಮನ್ ಕಿ ಬಾತ್’ನಲ್ಲಿ ಹೇಳಿದರು. ಕರೆಗಳಿಗೆ ಮುನ್ನ ಎಚ್ಚರಿಕೆಯ ಕಾಲರ್ ಟ್ಯೂನ್ ಕೂಡ ಮೊಳಗಿತು. ಅದು ಕೇಳಿಸುತ್ತಿದ್ದುದು ಕರೆ ಮಾಡುವವನಿಗೆ. ಮೋಸ ಹೋಗುವವರು ಕರೆ ಎತ್ತುವವರು! ಮೊದಲ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ, ಆದರೆ ಆ ಒಂದು ಗಂಟೆ ಮನುಷ್ಯ ಚೊಂಬಿನೆದುರು ಕೈಕಟ್ಟಿ ಕುಳಿತಿರುತ್ತಾನೆ.

ಇತ್ತ ಪೊಲೀಸರಿಗೆ ಮೊಬೈಲಿನಿಂದ ಆಗಿರುವ ಉಪಕಾರವನ್ನೂ ನೆನೆಯಬೇಕು. ಹಿಂದೆ ಬಾತ್ಮೀದಾರನಿಗೆ ಚಹಾ, ಬನ್ಸ್ ಕೊಡಿಸಿ ಪುಸಲಾಯಿಸಬೇಕಿತ್ತು. ಈಗ ತಲವಾರಿನಿಂದ ಹುಟ್ಟುಹಬ್ಬದ ಕೇಕ್ ಕತ್ತರಿಸುವ ವೀರನು ಮುಖ, ಆಯುಧ, ಗೆಳೆಯರು, ಬೈಕಿನ ನಂಬರ್ ಎಲ್ಲವೂ ಕಾಣುವಂತೆ ರೀಲ್ ಮಾಡಿ, ಹಿನ್ನೆಲೆ ಸಂಗೀತವನ್ನೂ ಸೇರಿಸಿ, ಠಾಣೆಯವರಿಗೆ ಉಚಿತವಾಗಿ ಒಪ್ಪಿಸುತ್ತಾನೆ.

ಆದರೆ ನನಗೆ ನಗು ಬಾರದಿರುವುದು ಸುದ್ದಿಯ ಕೆಳಗಿನ ಕಮೆಂಟುಗಳನ್ನು ಓದುವಾಗ. “ಇಷ್ಟು ಕಲಿತೂ ಬುದ್ಧಿ ಇಲ್ಲವೇ?”, “ಕಪ್ಪು ಹಣ ಇರಬೇಕು”, ಅದರ ಪಕ್ಕ ನಗುವ ಮುಖಗಳ ಸಾಲು. ಹೆಸರಿನಿಂದ ಜಾತಿ ಹುಡುಕಿ, ಧರ್ಮ ಹುಡುಕಿ, ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಮಕ್ಕಳು ದುಬೈ, ಬೆಂಗಳೂರು ಸೇರಿದ ಮೇಲೆ ಖಾಲಿ ಮನೆಯಲ್ಲಿ ಮೊಬೈಲನ್ನೇ ಜೊತೆಗಿಟ್ಟುಕೊಂಡಿರುವ ವೃದ್ಧರೊಬ್ಬರು ಹೆದರಿದರು, ಅಷ್ಟೇ. ಅದರಲ್ಲಿ ನಗಲು ಏನಿದೆ? ನಿಜಕ್ಕೂ ಸಾಕಾಗಿದೆ.

ನೆರೆಮನೆಯವರು ಕೊನೆಗೂ ದೂರು ಕೊಟ್ಟರು. ಮೂರು ವಾರಗಳ ಬಳಿಕ, ಹೇಳಿಕೆ ಕೊಡಲು ಬನ್ನಿ ಎಂದು ನಿಜವಾದ ಪೊಲೀಸರು ಕರೆ ಮಾಡಿದರು. “ನೀವು ಪೊಲೀಸರೆಂಬುದಕ್ಕೆ ಏನು ಸಾಕ್ಷಿ?” ಎಂದು ಇವರು ಕೇಳಿದರು. ಪಾಪ, ಆ ಕಾನ್‌ಸ್ಟೆಬಲ್ ತಮ್ಮ ಗುರುತಿನ ಚೀಟಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿದರು. ಇವರು ತಕ್ಷಣ ಬ್ಲಾಕ್ ಮಾಡಿದರು.