ಹಕ್ಕಿಗೆ ಹಗ್ಗ, ದೊರೆಗೆ ಗೇಟು

ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಲುನೋವು ಇಳಿದಿದೆ, ಸಿಟ್ಟು ಇಳಿದಿಲ್ಲ. ಹಾಗಾಗಿ ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಫೋಟೋ ನೋಡಿ ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಇವತ್ತು ನಾನೂ ನನ್ನ ಗಂಡನೂ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯಲ್ಲಿ ನಡೆದೆವು. ಬರ್ನಮ್ ಓವರಿ ಸ್ಟೇತ್ ಅನ್ನುವ ಪುಟ್ಟ ದೋಣಿಕಟ್ಟೆಯಿಂದ ಹೊರಟು, ಜೌಗಿನ ನಡುವಿನ ಏರಿಯ ಮೇಲೆ ಸಮುದ್ರದವರೆಗೆ. ಅಲ್ಲಿಂದ ಮರಳ ಮೇಲೆ ಪೂರ್ವಕ್ಕೆ. ಆಮೇಲೆ ಪೈನ್ ಕಾಡು, ಕೊನೆಗೆ ಹೋಲ್ಕಮ್ ಹಾಲ್ ಅನ್ನುವ ಅರಮನೆಯಂಥ ಮನೆ. ಇಂಗ್ಲೆಂಡಿನಲ್ಲಿ ಕರಾವಳಿಯ ಉದ್ದಕ್ಕೂ ಜನ ನಡೆಯಲು ದಾರಿ ಇರಬೇಕು ಅಂತ 2009ರಲ್ಲಿ ಒಂದು ಕಾನೂನೇ ಮಾಡಿದ್ದಾರೆ. ಈ ದೇಶದ ಹವೆಗೆ, ಟ್ರೈನಿಗೆ ನಾನು ದಿನಾ ಬೈಯುತ್ತೇನೆ. ಈ ಒಂದು ವಿಷಯಕ್ಕೆ ಬೈಯಲಾರೆ.

ನೀರು ಇಳಿದ ಹೊತ್ತು. ದೋಣಿಗಳೆಲ್ಲ ಕೆಸರಿನಲ್ಲಿ ಪಕ್ಕಕ್ಕೆ ಒರಗಿ ಮಲಗಿದ್ದವು. ಏರಿಯ ಎಡಕ್ಕೆ ಉಪ್ಪುನೀರು ಬಂದು ಹೋಗುವ ಜೌಗು, ಬಲಕ್ಕೆ ಸಮುದ್ರವನ್ನು ಹೊರಗಿಟ್ಟು ಮಾಡಿಕೊಂಡ ಹುಲ್ಲುಗಾವಲು, ಅದರಲ್ಲಿ ದನ. ಕುಮಟಾ ಕಡೆಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆ, ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಒಂದೇ ಒಂದು ಮಣ್ಣಿನ ಏರಿ, ಆಚೆ ಉಪ್ಪು, ಈಚೆ ಸಿಹಿ. ಅದೇ ಕೊಳೆತ ಕೆಸರಿನ ವಾಸನೆ. ಇವರು ಮೂಗು ಮುಚ್ಚಿಕೊಂಡರು, ನಾನು ಎರಡು ಸಲ ಜಾಸ್ತಿ ಎಳೆದುಕೊಂಡೆ. ಹುಲ್ಲುಗಾವಲಿನ ಮೇಲೆ ಸ್ಪೂನ್‌ಬಿಲ್‌ಗಳು, ನಮ್ಮ ಚಮಚದ ಕೊಕ್ಕಿನವರ ನೆಂಟರು, ಕತ್ತು ನೀಟಾಗಿ ಚಾಚಿಕೊಂಡು ಹಾರಿಹೋದವು. ಈ ದೇಶದಲ್ಲಿ ಮುನ್ನೂರು ವರ್ಷ ಅವುಗಳ ಬೀಡು ಇರಲಿಲ್ಲವಂತೆ. 2010ರಲ್ಲಿ ಮತ್ತೆ ಸಂಸಾರ ಹೂಡಿದ್ದು ಇದೇ ಹೋಲ್ಕಮ್‌ನಲ್ಲಿ.

ಇಷ್ಟರವರೆಗೆ ನಾನು ಖುಷಿಯಲ್ಲೇ ಇದ್ದೆ, ದೇವರಾಣೆ.

ಮರಳದಿಬ್ಬ ಇಳಿದು ಬೀಚಿಗೆ ಬಂದರೆ ಒಂದು ಕಡೆ ಗೂಟ ನೆಟ್ಟು ಹಗ್ಗ ಕಟ್ಟಿದ್ದಾರೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ, ಒಳಗೆ ಬರಬೇಡಿ, ನಾಯಿ ಬಿಡಬೇಡಿ ಅಂತ ಬೋರ್ಡು. ಓದು ಬಾರದವರಿಗೂ ತಿಳಿಯುವ ಹಾಗೆ ಚಿತ್ರ ಬೇರೆ. ಒಳಗೆ ಇರುವುದು ರಿಂಗ್ಡ್ ಪ್ಲವರ್, ಅಂದರೆ ನಮ್ಮ ಟಿಟ್ಟಿಭದ ದಾಯಾದಿ. ಮತ್ತೊಂದು ಲಿಟಲ್ ಟರ್ನ್ ಅನ್ನುವ ಪುಟ್ಟ ಕಡಲಹಕ್ಕಿ. ತೂಕ ಐವತ್ತು ಅರವತ್ತು ಗ್ರಾಂ ಅಷ್ಟೇ, ಪಶ್ಚಿಮ ಆಫ್ರಿಕಾದಿಂದ ಹಾರಿ ಬರುತ್ತೆ. ಗೂಡು ಅನ್ನುವುದು ಹೆಸರಿಗೆ. ಮರಳಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಬೆಣಚುಕಲ್ಲಿನ ಬಣ್ಣದ ಎರಡು ಮೂರು ಮೊಟ್ಟೆ. ತಾಯಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತೆ, ಇಲ್ಲವೇ ಬಿಸಿಲಿಗೆ ಬೇಯುತ್ತೆ. ಅಷ್ಟು ಹೊತ್ತಿಗೆ ಕಾಯುತ್ತಾ ಕೂತ ಕಡಲಕಾಗೆ ಬಂದಿರುತ್ತೆ. ಇದನ್ನು ಗೂಡಿನ ಹತ್ತಿರ ಬೇಕೆಂದೇ ಕಾಡಿದರೆ ಅಪರಾಧ, 1981ರ ಕಾನೂನು.

ಆ ಹಗ್ಗದ ಒಳಗೆ ಒಂದು ಕರೀ ಲ್ಯಾಬ್ರಡಾರ್ ಓಡಾಡುತ್ತಿತ್ತು.

ಹೊರಗೆ ಅದರ ಯಜಮಾನ. ಕೆಂಪು ಜಾಕೆಟ್, ಕೈಯಲ್ಲಿ ಚೆಂಡು ಎಸೆಯುವ ಉದ್ದನೆ ಪ್ಲಾಸ್ಟಿಕ್ ಕೋಲು. ಎಸೆದ ಚೆಂಡು ಹಗ್ಗದಾಚೆ ಬಿತ್ತು, ನಾಯಿ ಹೋಯಿತು. ಆಯ್ತಪ್ಪ, ಕೈತಪ್ಪಿತು ಅಂದುಕೊಳ್ಳೋಣ. ಎರಡನೇ ಸಲವೂ ಅಲ್ಲಿಗೇ ಎಸೆದ. ಒಂದು ಪ್ಲವರ್ ರೆಕ್ಕೆ ಮುರಿದವಳ ಹಾಗೆ ನೆಲದಲ್ಲಿ ತೆವಳುತ್ತಾ, ಒದ್ದಾಡುತ್ತಾ, ನಾಯಿಯನ್ನು ಗೂಡಿನಿಂದ ಆಚೆ ಎಳೆದುಕೊಂಡು ಹೋಗುವ ನಾಟಕ ಆಡುತ್ತಿತ್ತು. ಆತ ಅದನ್ನು ನೋಡಿ ನಕ್ಕ. ಪುಣ್ಯಾತ್ಮ ಫೋನ್ ತೆಗೆದು ವಿಡಿಯೋ ಬೇರೆ ಮಾಡಿದ.

ಆಮೇಲೆ ನಾಯಿ ನನ್ನ ಕಡೆ ಬಂತು. ನಿಮಗೆಲ್ಲ ಗೊತ್ತಲ್ಲ, ನಾಯಿ ಕಚ್ಚಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತಗೊಂಡ ನನ್ನ ಏಳನೇ ಕ್ಲಾಸಿನ ಕಥೆ. ನಾನು ಇವರ ಬೆನ್ನ ಹಿಂದೆ. ಆತ ದೂರದಿಂದಲೇ ಕೂಗಿದ, "ಡೋಂಟ್ ವರಿ, ಹೀ ಈಸ್ ವೆರಿ ಫ್ರೆಂಡ್ಲಿ!" ಹಕ್ಕಿಗೂ ಹಾಗೇ ಹೇಳಿರಬೇಕು.

ಪೈನ್ ಕಾಡು ಚೆನ್ನಾಗಿತ್ತು, ಆದರೆ ನಾನು ನೋಡಲಿಲ್ಲ. ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಮರಳು ಹಾರದಿರಲಿ, ಹಿಂದಿನ ಹೊಲ ಉಳಿಯಲಿ ಅಂತ 19ನೇ ಶತಮಾನದಲ್ಲಿ ಹೋಲ್ಕಮ್ ಹಾಲ್‌ನ ಎಸ್ಟೇಟಿನವರೇ ನೆಡಿಸಿದ ಕಾಡು ಅದು. ಗಾಳಿ ನಿಂತಿತು, ಅಂಟಿನ ವಾಸನೆ ಬಂತು, ಅಷ್ಟು ನೆನಪಿದೆ. "ಬಿಡು ಮಾರಾಯ್ತಿ, ನಾಯಿಗೇನು ಗೊತ್ತಾಗುತ್ತೆ" ಅಂದರು ಇವರು. ನಾಯಿಯ ಮೇಲೆ ನನಗೇನೂ ಇಲ್ಲ. ಬೋರ್ಡು ಬರೆದದ್ದು ನಾಯಿಗಲ್ಲ ಅಲ್ವಾ?

ಈಗ ಮುಖ್ಯ ವಿಷಯ. ಹಳ್ಳಿ ದಾಟಿ ಹೋಲ್ಕಮ್ ಪಾರ್ಕಿನ ಗೇಟಿಗೆ ಬಂದೆವು. ಒಳಗೆ ಜಿಂಕೆಗಳಿವೆ. ನಾಯಿಗೆ ಹಗ್ಗ ಕಡ್ಡಾಯ. ನಮ್ಮ ಮುಂದೆಯೇ ಅದೇ ಕೆಂಪು ಜಾಕೆಟ್. ಗೇಟಿನ ಮುಂದೆ ಆತ ನಿಂತ. ಜೇಬಿನಿಂದ ನಾಯಿಹಗ್ಗ ತೆಗೆದ. ಬಗ್ಗಿ, ಕಾಲರಿಗೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿ ಒಳಗೆ ಹೋದ. ಅಂದರೆ ಇಷ್ಟು ಹೊತ್ತೂ ಹಗ್ಗ ಜೇಬಿನಲ್ಲೇ ಇತ್ತು! ಓದೂ ಬರುತ್ತಿತ್ತು!

ತಮಾಷೆ ನೋಡಿ. ಬೀಚಿನ ಆ ಪಕ್ಷಿಧಾಮವನ್ನು ನೋಡಿಕೊಳ್ಳುವುದೂ ಇದೇ ಎಸ್ಟೇಟು. ಆ ಹಗ್ಗವೂ ಈ ಗೇಟೂ ಒಂದೇ ಮನೆಯವು. ಒಂದು ನೈಲಾನು, ಒಂದು ಕಬ್ಬಿಣ, ಅಷ್ಟೇ ವ್ಯತ್ಯಾಸ. ಜೊತೆಗೆ ಗೇಟಿನ ಹಿಂದೆ ಮನೆ ಕಾಣುತ್ತೆ. 1734ರಲ್ಲಿ ಶುರುವಾದ ಮನೆ. ಕಟ್ಟಿಸಿದ ಥಾಮಸ್ ಕೋಕ್ 1720ರಲ್ಲಿ ಸೌತ್ ಸೀ ಕಂಪನಿ ಷೇರಿನಲ್ಲಿ ಸಿಕ್ಕಾಪಟ್ಟೆ ಕಳೆದುಕೊಂಡಿದ್ದ. ಮನೆ ಮುಗಿಯುವ ಮೊದಲೇ ತೀರಿಕೊಂಡ, ಹೆಂಡತಿ ಮುಗಿಸಿದಳು. ದುಂಡನೆ ಬೌಲರ್ ಹ್ಯಾಟ್ ಹುಟ್ಟಿದ್ದೂ ಈ ಮನೆತನದಿಂದಲೇ. 1849ರಲ್ಲಿ, ಎಸ್ಟೇಟಿನ ಬೇಟೆಹಕ್ಕಿ ಕಾಯುವವರ ತಲೆಗೆ ಮರದ ಕೊಂಬೆ ಬಡಿಯದಿರಲಿ ಅಂತ ಮಾಡಿಸಿದ್ದು. ದೊರೆ ಗುಂಡು ಹೊಡೆದು ತಿನ್ನುವ ಹಕ್ಕಿಯನ್ನು ಕಾಯಲು ಹ್ಯಾಟ್ ಹಾಕಿದ ಆಳುಗಳು. ಟರ್ನ್ ಕಾಯಲು ನಾಲ್ಕು ಗೂಟ.

ಹಕ್ಕಿಪ್ರಿಯ ಗೆಳೆಯರು ಈಗ ಬರುತ್ತಾರೆ, ಗೊತ್ತು. ನಾಯಿಗಿಂತ ನರಿ, ಕಡಲಕಾಗೆ, ದೊಡ್ಡ ಉಬ್ಬರವೇ ಎಷ್ಟೋ ಗೂಡು ತೆಗೆಯುತ್ತೆ ಅಂತ. ಹೌದು, ತೆಗೆಯುತ್ತೆ. ನರಿ ಜೇಬಿನಲ್ಲಿ ನಾಯಿಹಗ್ಗ ಇಟ್ಟುಕೊಂಡು ಬರಲ್ಲ. ಉಬ್ಬರ ವಿಡಿಯೋ ಮಾಡಲ್ಲ. ಮುಂದಿನ ಕಾಮೆಂಟು?

ಸರಿ, ಒಂದು ಮಾತು ಮುಚ್ಚಿಟ್ಟಿದ್ದೆ. ಇವರು ಹೇಗಿದ್ದರೂ ಕಾಮೆಂಟಿನಲ್ಲಿ ಹೇಳಿಬಿಡುತ್ತಾರೆ, ನಾನೇ ಹೇಳುತ್ತೇನೆ. ಆತ ಬೀಚಿನಲ್ಲಿ "ಫ್ರೆಂಡ್ಲಿ" ಅಂದಾಗ ನಾನೇನು ಅಂದೆ ಗೊತ್ತಾ? "ಲವ್ಲಿ ಡಾಗ್" ಅಂದೆ. ನಗುತ್ತಾ ಅಂದೆ. ಹದಿನೈದು ವರ್ಷ ಆಯಿತು ಈ ದೇಶಕ್ಕೆ ಬಂದು. ಆಫೀಸಿನಲ್ಲಿ ದಿನಾ ಜಗಳ ಆಡುತ್ತೇನೆ, ಕೌನ್ಸಿಲ್‌ಗೆ ಎರಡೆರಡು ಪುಟ ದೂರು ಬರೆಯುತ್ತೇನೆ. ಆದರೆ ಅವರ ಬೀಚಿನಲ್ಲಿ, ಅವರ ನಾಯಿಯ ವಿಷಯಕ್ಕೆ, ನಾನು ಬಾಯಿ ಬಿಟ್ಟರೆ ಮಾತಿಗಿಂತ ಮೊದಲು ನನ್ನ ಉಚ್ಚಾರಣೆ ಹೊರಗೆ ಬರುತ್ತೆ. "ನೀನ್ಯಾರಮ್ಮ ಹೇಳೋಕೆ" ಅಂತ ಆತ ಅಂದಿರಲಿಲ್ಲ. ಅನ್ನುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ನಾನೇ ಅವನ ಪರವಾಗಿ ಅಂದುಕೊಂಡು ಸುಮ್ನಾದೆ. ಆ ಮುಷ್ಟಿ ಗಾತ್ರದ ಹಕ್ಕಿ ನಾಯಿಯ ಮೂಗಿನ ಮುಂದೆ ಹೋಗಿ ನಿಂತಿತ್ತು, ನಾನು ಇವರ ಬೆನ್ನ ಹಿಂದೆ.

ಮನೆಯ ಪಕ್ಕದ ಅಂಗಳದ ಕೆಫೆಯಲ್ಲಿ ಚಹಾ ಕುಡಿದೆವು. ಆತನೂ ಪಕ್ಕದ ಟೇಬಲ್ಲಿಗೇ ಬಂದು ಕೂರಬೇಕೇ! ಕೊನೆಯ ಫೋಟೋದಲ್ಲಿ ನನ್ನ ಮೊಣಕಾಲ ಮೇಲೆ ತಲೆ ಇಟ್ಟುಕೊಂಡಿರುವವನು ಅವನೇ, ಕರಿಯ. ತೆಗೆದದ್ದು ಇವರು. "ಅಂತೂ ನಾಯಿ ಭಯ ಹೋಯ್ತಲ್ಲೇ" ಅಂತ ಆಗಲೇ ಮೂರು ಜನ ಬರೆದಿದ್ದೀರಿ. ಸರಿಯಾಗಿ ನೋಡಿ. ಅದು ನಗು ಅಲ್ಲ, ಹಲ್ಲು ಕಚ್ಚಿಕೊಂಡಿದ್ದೇನೆ.