ಮೊದಲು ಕಿವಿ, ಆಮೇಲೆ ಟಾರ್ಚು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಮನೆ ಹಿಂದೆ ಒಂದು ಪಾರ್ಕ್ ಇದೆ. ಅದರ ಮೂಲೆಯಲ್ಲಿ ಸಣ್ಣ ಹೊಂಡ. ಮಾರ್ಚ್ ಬಂತೆಂದರೆ ಅಲ್ಲಿ ಕಪ್ಪೆ ಮೊಟ್ಟೆ ಕಾಣಿಸುತ್ತದೆ. ಸಬ್ಬಕ್ಕಿ ಬೇಯಿಸಿ ನೀರಿಗೆ ಸುರಿದ ಹಾಗೆ ಮುದ್ದೆ ಮುದ್ದೆಯಾಗಿ, ಒಂದೊಂದರ ನಡುವೆ ಒಂದೊಂದು ಕರಿ ಚುಕ್ಕೆ. ಪಕ್ಕದ ಮನೆಯ ಅಜ್ಜಿ ಅದನ್ನು ಮೊದಲು ಕಂಡ ದಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಹಳೆ ಕ್ಯಾಲೆಂಡರುಗಳನ್ನೂ ಬಿಸಾಡದೆ ಇಟ್ಟಿದ್ದಾರೆ. ಯಾವ ವರ್ಷ ಬೇಗ ಬಂತು, ಯಾವ ವರ್ಷ ತಡವಾಯಿತು ಅಂತ ಅವರಿಗೆ ಗೊತ್ತು.

ಕಪ್ಪೆ ನೋಡುವುದನ್ನು ನಾನು ಕಲಿತದ್ದು ಅವರಿಂದ. ಹುಟ್ಟಿ ಬೆಳೆದದ್ದು ಮಾತ್ರ ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ, ಗದ್ದೆ ಬಯಲಿನ ಅಂಚಿನ ಮನೆಯಲ್ಲಿ. ಮಳೆಗಾಲ ಪೂರ್ತಿ ಕಪ್ಪೆ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದ್ದೇನೆ. ಆದರೂ ಅವುಗಳಲ್ಲಿ ಯಾವುದು ಯಾವುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ನೆನೆದರೆ ಬೇಜಾರಾಗುತ್ತದೆ.

ಇಂಗ್ಲೆಂಡಿನಲ್ಲಿ ಹೊಸಬರಿಗೆ ಈ ಕಲಿಕೆ ಸುಲಭ. ಇಡೀ ಬ್ರಿಟನ್ನಿನಲ್ಲಿ ಅಲ್ಲಿನವೇ ಆದ ಕಪ್ಪೆಗಳು ಎರಡು, ಟೋಡ್ ಅನ್ನುವ ನೆಲಗಪ್ಪೆಗಳು ಎರಡು. ಅದರಲ್ಲೂ ಪೂಲ್ ಕಪ್ಪೆ ಪೂರ್ತಿ ನಶಿಸಿಹೋಗಿ, 2005ರಲ್ಲಿ ಸ್ವೀಡನ್ನಿನಿಂದ ತಂದು ನಾರ್ಫೋಕ್‌ನಲ್ಲಿ ಮತ್ತೆ ಬಿಟ್ಟದ್ದು. ಬೆನ್ನ ಮೇಲೆ ಹಳದಿ ಗೆರೆ ಇರುವ ನ್ಯಾಟರ್‌ಜ್ಯಾಕ್ ನೆಲಗಪ್ಪೆಯೂ ಅಪರೂಪ. ಹಾಗಾಗಿ ಸಾಮಾನ್ಯ ಜನ ಬೇರೆ ಮಾಡಿ ಗುರುತಿಸಬೇಕಾದದ್ದು ಎರಡನ್ನೇ. ನುಣುಪು ಚರ್ಮ, ಉದ್ದ ಕಾಲು, ಚಂಗನೆ ನೆಗೆಯುವುದು ಕಪ್ಪೆ. ಒರಟು ಒಣ ಚರ್ಮ, ಮೆಲ್ಲಗೆ ನಡೆಯುವುದು ನೆಲಗಪ್ಪೆ. ಮೊಟ್ಟೆ ಮುದ್ದೆಯಾಗಿದ್ದರೆ ಕಪ್ಪೆಯದು, ದಾರದಂತೆ ಎಳೆ ಎಳೆಯಾಗಿದ್ದರೆ ನೆಲಗಪ್ಪೆಯದು. ಒಂದು ಚಿತ್ರಪಟ ಕೈಯಲ್ಲಿದ್ದರೆ ಸಾಕು, ಶಾಲೆ ಮಕ್ಕಳೂ ಹೇಳುತ್ತಾರೆ. ಅಲ್ಲಿನ ಈ ಎರಡರ ಕೂಗೂ ಮೆತ್ತಗೆ, ಹೊಂಡದ ಹತ್ತಿರ ಹೋಗದೆ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿನ ಜನ ಕಣ್ಣಿಂದ ಕಲಿಯುತ್ತಾರೆ.

ಅದೇ ವಿದ್ಯೆ ಹೊತ್ತುಕೊಂಡು ಒಂದು ಮೇ ತಿಂಗಳಲ್ಲಿ ಊರಿಗೆ ಬಂದೆ. ಕೃತ್ತಿಕಾ ಮಳೆ ಜೋರಾಗಿ ಹೊಡೆದ ರಾತ್ರಿ ಟಾರ್ಚು ಹಿಡಿದು ಗದ್ದೆ ಕಡೆ ಹೊರಟೆ. ಜೊತೆಗೆ ಚಿಕ್ಕಪ್ಪ ಬಂದರು. ನೀರು ನಿಂತ ತಗ್ಗಿನಲ್ಲಿ ನಿಂಬೆಹಣ್ಣಿನ ಬಣ್ಣದ ದೊಡ್ಡ ಕಪ್ಪೆ, ಕೂಗುವಾಗ ಗಂಟಲ ಎರಡೂ ಬದಿ ನೀಲಿ ಬಲೂನು ಉಬ್ಬುತ್ತಿತ್ತು. ಎರಡು ಮಾರು ಆಚೆ ಪಾಚಿ ಬಣ್ಣದ ಇನ್ನೊಂದು. ಪುಸ್ತಕದಲ್ಲಿ ಎರಡು ಬೇರೆ ಬೇರೆ ಜಾತಿ ಅಂತ ಬರೆದುಕೊಂಡೆ. ತಪ್ಪು. ಎರಡೂ ಗೋಂಕರುಕಪ್ಪೆಯೇ. ಹಳದಿಯದು ಗಂಡು, ಇನ್ನೊಂದು ಹೆಣ್ಣು. ಮೊಟ್ಟೆಯಿಡುವ ಕಾಲ ಕಳೆದರೆ ಗಂಡಿನ ಆ ಹಳದಿಯೂ ಮಾಸುತ್ತದೆ. ಬಣ್ಣ ನಂಬಿದರೆ ಒಂದೇ ಕಪ್ಪೆಗೆ ಎರಡು ಹೆಸರು ಬರೆದು ಕೂರಬೇಕಾಗುತ್ತದೆ ಅಂತ ಅವತ್ತು ತಿಳಿಯಿತು.

ಚಿಕ್ಕಪ್ಪ ಟಾರ್ಚು ಆರಿಸು ಅಂದರು. "ಹೆಸ್ರು ಯಾವ್ದುಕ್ಕೂ ಗೊತ್ತಿಲ್ಲ ಕಣ್ಲಾ ಮಗ. ಸದ್ದು ಗೊತ್ತು. ಈ ದಪ್ಪಂದು ಮೊದಲ್ನೆ ದೊಡ್ಡ ಮಳೆಗೆ ಕೂಗೋದು. ನಾಳೆ ನಾಡಿದ್ದು ಬಂದ್ರೆ ಇರಾಕಿಲ್ಲ."

ನಿಜ. ಗೋಂಕರುಕಪ್ಪೆ ಮೊದಲ ಭಾರಿ ಮಳೆಗೆ ಗುಂಪುಗೂಡಿ ಒಂದೆರಡು ರಾತ್ರಿಯಲ್ಲೇ ಮೊಟ್ಟೆಯಿಟ್ಟು ಚದುರಿಬಿಡುತ್ತದೆ. ಪುಸ್ತಕ ಓದದೆ ಚಿಕ್ಕಪ್ಪ ಇದನ್ನು ಕಂಡುಕೊಂಡಿದ್ದರು. ರಾತ್ರಿ ಪಾಳಿಯಲ್ಲಿ ನೀರು ಹಾಯಿಸುವ ಪ್ರತಿಯೊಬ್ಬರ ಕಿವಿಯಲ್ಲೂ ಇಂಥ ಲೆಕ್ಕ ಇದೆ. ಮಂಡ್ಯ, ಮೈಸೂರಲ್ಲಿ ಕಪ್ಪೆ ಕಲಿಯಬೇಕು ಅನ್ನುವವರು ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅನಿಸಿಕೆ. ನಮ್ಮಲ್ಲಿ ಕಪ್ಪೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಕತ್ತಲಾದ ಅರ್ಧ ಗಂಟೆಗೆ ಹೋಗಿ. ದೀಪ ಆರಿಸಿ ಐದು ನಿಮಿಷ ಸುಮ್ನೆ ನಿಲ್ಲಿ. ಹೆಜ್ಜೆ ಸಪ್ಪಳಕ್ಕೆ ನಿಂತ ಕೂಗು ಮೆಲ್ಲಗೆ ಮತ್ತೆ ಶುರುವಾಗುತ್ತದೆ. ಮೊದಲು ಎಲ್ಲಾ ಸೇರಿ ಒಂದೇ ಗದ್ದಲ ಅನಿಸುತ್ತದೆ, ಆಮೇಲೆ ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತದೆ. ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಕರ್‌ರ್‌ರ್ ಅನ್ನುವುದು ಮೈಕ್ರೊಹೈಲಾ ಅನ್ನುವ ಗುಂಪಿನ ಪುಟಾಣಿ ಕಪ್ಪೆ. ಮೈಯುದ್ದ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ಬೆನ್ನ ಮೇಲೆ ರಂಗೋಲಿ ಎಳೆದಂತೆ ಕಂದು ಗುರುತು. ಆ ಕೂಗು ಕೇಳಿದವರು ಅಷ್ಟು ಚಿಕ್ಕದನ್ನು ಹುಡುಕುವುದೇ ಇಲ್ಲ, ದೊಡ್ಡದನ್ನೇ ಹುಡುಕಿ ಸೋಲುತ್ತಾರೆ. ಮರದ ಹಲಗೆ ಮೇಲೆ ಬೆರಳಲ್ಲಿ ಕುಟ್ಟಿದ ಹಾಗೆ ಟಕ್ ಟಕ್ ಟಕ್ ಅಂದರೆ ಮರಗಪ್ಪೆ. ಬಚ್ಚಲುಮನೆ ಗೋಡೆಗೆ ಅಂಟಿಕೊಂಡು ಕೂರುತ್ತದಲ್ಲ, ಅದೇ. ಬೆರಳ ತುದಿಯಲ್ಲಿ ಅಗಲ ಬಿಲ್ಲೆ ಇರುತ್ತದೆ. ನೀರಿನ ಮೇಲಿನ ಗಿಡಕ್ಕೋ ತೊಟ್ಟಿ ಅಂಚಿಗೋ ನೊರೆ ಮುದ್ದೆ ಅಂಟಿದ್ದರೆ ಅದು ಅದರ ಗೂಡು. ಮೊಟ್ಟೆ ಒಡೆದ ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಉದುರುತ್ತವೆ. ನೆಲಗಪ್ಪೆಯದು ಕುರ್ ಕುರ್ ಕುರ್ ಅಂತ ನಿಲ್ಲದ ಉದ್ದ ರಾಗ.

ಮಳೆಗೆ ಕಾಯಲಾಗದ ಮೈಸೂರಿನವರಿಗೆ ಹಗಲಲ್ಲೂ ಒಂದು ಕಪ್ಪೆ ಸಿಗುತ್ತದೆ, ಇಂಗ್ಲಿಷಿನಲ್ಲಿ ಸ್ಕಿಟರಿಂಗ್ ಫ್ರಾಗ್. ಕುಕ್ಕರಹಳ್ಳಿ ಕೆರೆಯಲ್ಲೋ ಲಿಂಗಾಂಬುಧಿ ಕೆರೆಯಲ್ಲೋ ಬೆಳಿಗ್ಗೆ ವಾಕಿಂಗ್ ಹೋದಾಗ ದಡದ ಪಾಚಿ ನೋಡಿ. ಕಣ್ಣು, ಮೂತಿ ಮಾತ್ರ ಮೇಲಿಟ್ಟು ತೇಲುತ್ತಿರುತ್ತದೆ. ಹತ್ತಿರ ಹೋದರೆ ಮುಳುಗುವ ಬದಲು ನೀರ ಮೇಲೇ ಪಟಪಟ ಕುಪ್ಪಳಿಸಿಕೊಂಡು ಓಡುತ್ತದೆ. ನಾವು ಕೆರೆಗೆ ಚಪ್ಪಟೆ ಕಲ್ಲು ಬೀಸುತ್ತಿದ್ದೆವಲ್ಲ, ಹಾಗೆ. ಅಷ್ಟೇ ಸಾಕು ಇದರ ಗುರುತಿಗೆ.

ಕಪ್ಪೆಯಾ ನೆಲಗಪ್ಪೆಯಾ ಅನ್ನುವ ಇಂಗ್ಲಿಷರ ಪ್ರಶ್ನೆ ನಮ್ಮ ಗದ್ದೆಯಲ್ಲಿ ಜಾಸ್ತಿ ದೂರ ಹೋಗುವುದಿಲ್ಲ. ಎರಡೇ ಇದ್ದ ಕಡೆ ಹುಟ್ಟಿದ ಪ್ರಶ್ನೆ ಅದು. ನಮ್ಮಲ್ಲಿ ಮಣ್ಣಲ್ಲಿ ಹೂತು ಕೂರುವ ಕಪ್ಪೆಗಳಿವೆ. ಗುಂಡಗೆ, ಗಿಡ್ಡ ಕಾಲು. ನೋಡಲು ಥೇಟ್ ನೆಲಗಪ್ಪೆ, ಆದರೆ ಅಲ್ಲ. ನಿಜವಾದ ಸಾಮಾನ್ಯ ನೆಲಗಪ್ಪೆಗೆ ಕಣ್ಣಿನ ಸುತ್ತ ಕಾಡಿಗೆ ಎಳೆದಂಥ ಕಪ್ಪು ಏಣುಗಳಿರುತ್ತವೆ, ಕಣ್ಣಿನ ಹಿಂದೆ ಉಬ್ಬಿದ ವಿಷದ ಗ್ರಂಥಿ. ಅದೆರಡನ್ನು ನೋಡಿ ಹೇಳಬೇಕು. ಇನ್ನು ಎಲ್ಲವನ್ನೂ ಕಪ್ಪೆ ಅನ್ನುವ ನಮ್ಮ ಅಜ್ಜಿಯರ ಮಾತು ತಪ್ಪೇನಲ್ಲ. ನೆಲಗಪ್ಪೆಯೂ ಕಪ್ಪೆಗಳಲ್ಲೇ ಒಂದು ಕುಟುಂಬ.

ಹೊಸಬರಿಗೆ ಇನ್ನೊಂದು ಮಾತು ಹೇಳಬೇಕು. ಎಲ್ಲಕ್ಕೂ ಪೂರ್ತಿ ಹೆಸರು ಬರೆಯಲೇಬೇಕು ಅಂತ ಹಟ ಬೇಡ. ಬ್ರಿಟನ್ನಿನಲ್ಲಿ ನಾಲ್ಕಾದರೆ ಭಾರತದಲ್ಲಿ 400ಕ್ಕೂ ಹೆಚ್ಚು ಜಾತಿ. ಬದುವಿನ ಮೇಲೆ ಕಾಲಿಟ್ಟಲ್ಲೆಲ್ಲಾ ನೆಗೆಯುವ ಗದ್ದೆಗಪ್ಪೆಗಳಲ್ಲಿ ಹಲವು ಜಾತಿಗಳಿವೆ, ಫೋಟೋ ನೋಡಿ ಪರಿಣತರೂ ಖಚಿತವಾಗಿ ಹೇಳುವುದಿಲ್ಲ. ಕೂಗು ಬೇಕು, ಕೆಲವೊಮ್ಮೆ ಡಿಎನ್‌ಎ ಬೇಕು. ಬೆಂಗಳೂರಿನ ಅಂಚಿನಲ್ಲೇ ಸಿಕ್ಕ ಒಂದು ಬಿಲಗಪ್ಪೆಗೆ 2020ರಲ್ಲಷ್ಟೇ ಹೊಸ ಜಾತಿ ಅಂತ ಹೆಸರಾಯಿತು. ಅದರ ಹೆಸರಲ್ಲೇ ಬೆಂಗಳೂರು ಇದೆ. ಅಷ್ಟು ಜನ ಓಡಾಡುವ ಕಡೆಯೇ ಹೀಗೆ. "ಗದ್ದೆಗಪ್ಪೆ, ಜಾತಿ ಗೊತ್ತಾಗಲಿಲ್ಲ" ಅಂತ ಬರೆದರೆ ಅದು ಸರಿಯಾದ ದಾಖಲೆ. ಸುಳ್ಳು ಹೆಸರಿಗಿಂತ ಸಾವಿರ ಪಾಲು ವಾಸಿ.

ಜಾಗ್ರತೆಯ ವಿಷಯದಲ್ಲೂ ಎರಡು ಕಡೆ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ವಿಷದ ಹಾವು ಒಂದೇ ಒಂದು, ಕಾಣುವುದೂ ಕಮ್ಮಿ. ನಮ್ಮಲ್ಲಿ ಕಪ್ಪೆ ಇದ್ದಲ್ಲಿ ಹಾವು ಬರುತ್ತದೆ ಅನ್ನುವುದು ಸುಮ್ನೆ ಹೆದರಿಕೆಯಲ್ಲ. ಬೂಟು ಇಲ್ಲದೆ, ಒಬ್ಬರೇ, ರಾತ್ರಿ ಗದ್ದೆಗೆ ಇಳಿಯಬೇಡಿ. ನಿಂತಾಗ ದೀಪ ಆರಿಸಿ, ನಡೆಯುವಾಗ ಬೆಳಕು ಕಾಲ ಮುಂದಿರಲಿ. ಪಂಪ್‌ಸೆಟ್ ವೈರಿನ ಹತ್ತಿರ ಹೋಗಬೇಡಿ. ಕಪ್ಪೆಯನ್ನು ಕೈಯಲ್ಲಿ ಹಿಡಿಯುವುದೂ ಬೇಡ. ಅದರ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಕೈಯ ಸೊಳ್ಳೆ ಮುಲಾಮೂ ಹಾಗೇ ಒಳಗಿಳಿಯುತ್ತದೆ.

ಇಂಗ್ಲೆಂಡಿನಿಂದ ನಮ್ಮ ಕಡೆಗೆ ತರಬೇಕಾದದ್ದು ಏನು ಅಂದರೆ ಆ ಅಜ್ಜಿಯ ಕ್ಯಾಲೆಂಡರು. ಇನ್ನೊಂದೂ ಇದೆ. ಚಳಿಗಾಲ ಮುಗಿಯುವಾಗ ನೆಲಗಪ್ಪೆಗಳು ಮೊಟ್ಟೆಯಿಡಲು ಹಳೆ ಹೊಂಡ ಹುಡುಕಿಕೊಂಡು ರಸ್ತೆ ದಾಟುತ್ತವೆ. ಆಗ ಫ್ರಾಗ್‌ಲೈಫ್ ಅನ್ನುವ ಸಂಸ್ಥೆಯ ಜೊತೆ ಸೇರಿ ಊರಿನವರು ಬಕೆಟ್, ಟಾರ್ಚು ಹಿಡಿದು ನಿಲ್ಲುತ್ತಾರೆ. ಒಂದೊಂದನ್ನೇ ಎತ್ತಿ ಆಚೆ ಬಿಡುತ್ತಾರೆ, ಎಷ್ಟು ಬದುಕಿದವು ಎಷ್ಟು ಸತ್ತವು ಎಣಿಸುತ್ತಾರೆ. ನಾನೂ ಎರಡು ವರ್ಷ ನಿಂತಿದ್ದೇನೆ. ಅಲ್ಲಿ ಬರಿಗೈ ಬಿಟ್ಟು ಒದ್ದೆ ಗ್ಲೌಸು ಹಾಕಿಕೊಂಡು ಎತ್ತಿದೆವು. ಊರಲ್ಲಿ ಮೊದಲ ಮಳೆ ರಾತ್ರಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆಯಲ್ಲಿ ಗಾಡಿಗಳಿಗೆ ಸಿಕ್ಕಿ ಅಪ್ಪಚ್ಚಿಯಾದ ಕಪ್ಪೆಗಳನ್ನು ಕಂಡಾಗ ಆ ಬಕೆಟ್ ನೆನಪಾಯಿತು. ನಮ್ಮ ಜನಕ್ಕೆ ಕರುಣೆ ಇಲ್ಲದಿಲ್ಲ. ಮಳೆ ಹೋದರೆ ಕಪ್ಪೆಗೆ ಮದುವೆ ಮಾಡುವ ಊರುಗಳು ನಮ್ಮವು. ಮದುವೆ ಮಾಡಿದ ಕಪ್ಪೆ ಮಳೆ ಬಂದ ರಾತ್ರಿ ರಸ್ತೆ ದಾಟುವಾಗ ಒಂದು ಗಂಟೆ ಗಾಡಿ ನಿಧಾನಿಸಬಹುದು, ಅಲ್ವಾ?

ಕ್ಯಾಲೆಂಡರಿನ ಕೆಲಸ ಶುರುವಾಗಿದೆ. ಚಿಕ್ಕಪ್ಪನ ಮೊಮ್ಮಗಳು ಎಂಟನೇ ಕ್ಲಾಸು. ಅವಳಿಗೆ ನೂರು ಪುಟದ ನೋಟ್‌ಬುಕ್ ಕೊಟ್ಟು ಬಂದೆ. ತಾರೀಖು, ಜಾಗ, ಮಳೆ ಬಂತಾ ಇಲ್ಲವಾ, ಏನು ಕೇಳಿಸಿತು, ಇಷ್ಟೇ ಬರೆಯಬೇಕು. ಕೂಗನ್ನು ಫೋನಲ್ಲಿ ಹಿಡಿದು ನನಗೆ ವಾಟ್ಸಾಪ್ ಮಾಡುತ್ತಾಳೆ. ಹೆಸರು ಗೊತ್ತಿಲ್ಲದ್ದಕ್ಕೆ ತಾತ ಹೇಳಿದ ಗುರುತನ್ನೇ ಬರೆಯುತ್ತಾಳೆ. ಕಳೆದ ವಾರ ಕಳಿಸಿದ ಪುಟದಲ್ಲಿ ಮೂರು ಸಾಲಿತ್ತು: "ನಾಲೆ ನೀರು ಬಿಟ್ಟ ಎರಡನೇ ದಿನ. ಮಳೆ ಇಲ್ಲ. ಒಟ್ಟಲು (ಭತ್ತದ ಸಸಿ) ಬಿಟ್ಟ ಮಡಿಯಲ್ಲಿ ಬಾಚಣಿಗೆ ಸದ್ದಿನದು, ತುಂಬಾ ಇವೆ. ಹುಡುಕಿದೆ, ಒಂದು ಕಂಡಿತು."